ಇಂದಿನ ಬಣ್ಣ ಕಂದು

ಫೆಬ್ರವರಿ 3, ಸೋಮವಾರ

ರಕ್ತದೊತ್ತಡ ನೋಡಿದ ಡಾಕ್ಟರು ಹೇಳಿದ್ದು ಇಷ್ಟು: "ನೆಡ್ರಾ, ಬಯ್ಯೋದನ್ನ ನಿಲ್ಲಿಸಕ್ಕೆ ನಿಮ್ಮಿಂದ ಆಗಲ್ಲ. ಕಾಗದದ ಮೇಲಾದ್ರೂ ಬಯ್ಯಿರಿ." ಅದರಂತೆ ಈ ಪುಸ್ತಕ ತಂದಿದ್ದೇನೆ. ಇನ್ನೂರು ಪುಟ. ಸಾಲುವ ಲಕ್ಷಣವಿಲ್ಲ.

ಎಂದಿನಂತೆ ಬೆಳಿಗ್ಗೆ ಐದಕ್ಕೆ ಅಮ್ಮನ ಬಿಸ್ಕತ್ತಿನ ಡಬ್ಬಿಗೆ ಕೈ ಹಾಕಿ ಒಂದು ಅಂಗಿಗುಂಡಿ ತೆಗೆದೆ. ಹಳದಿ. ನಮ್ಮವರೆಲ್ಲ ದಿನಾ ಎಂಟರೊಳಗೆ ಕರೆ ಮಾಡಿ ಕೇಳಬೇಕಾದ ಫೋನಿನಲ್ಲಿ ಧ್ವನಿಮುದ್ರಿಸಿದೆ: "ಶುಭೋದಯ. ಇಂದಿನ ಬಣ್ಣ ಹಳದಿ. ಹಳದಿಯವರು ಮಧ್ಯಾಹ್ನ ಹನ್ನೆರಡರೊಳಗೆ ಬಂದು ಪರೀಕ್ಷೆ ಕೊಡತಕ್ಕದ್ದು. ಮಿಲ್‌ಸ್ಟೋನ್ ಗುಡ್ಡದ ಇಳಿಜಾರಿನಲ್ಲಿ ಮಂಜುಗಡ್ಡೆ ಕಟ್ಟಿದೆ." ರಸ್ತೆಯ ವಿಷಯ ಮೊದಲು ಇರಲಿಲ್ಲ. ತಡವಾಗಿ ಬಂದವರೆಲ್ಲ "ಮಂಜಿತ್ತು ಮೇಡಂ, ಕಾರು ಜಾರ್ತು" ಎಂದು ರಾಗ ಎಳೆಯುತ್ತಿದ್ದುದರಿಂದ ಆ ನೆಪದ ಕತ್ತು ಹಿಸುಕಲು ನಾನೇ ಸೇರಿಸಿದೆ. ನನ್ನ ಅಡುಗೆಮನೆಯ ಕಿಟಕಿಯಿಂದ ಗುಡ್ಡ ಪೂರ್ತಿ ಕಾಣುತ್ತದೆ.

ಹನ್ನೊಂದು ವರ್ಷದಿಂದ ಓಹಾಯೋ ರಾಜ್ಯದ ಹಾರ್ಲೋ ಕೌಂಟಿಯ ಮೂತ್ರ ಪರೀಕ್ಷೆಗೆ ಮುಹೂರ್ತ ಇಡುತ್ತಿರುವ ಪುರೋಹಿತೆ ನಾನು. ಚಿಕಿತ್ಸಾ ನ್ಯಾಯಾಲಯದ ಸಂಯೋಜಕಿ ಎಂಬುದು ಕಾಗದದ ಮೇಲಿನ ಬಿರುದು. ಮಾದಕ ಮದ್ದಿಗೆ ಬಿದ್ದು ಕಳ್ಳತನವೋ ಮತ್ತೊಂದೋ ಮಾಡಿ ಸಿಕ್ಕಿಬಿದ್ದವರನ್ನು ಜೈಲಿಗೆ ಕಳಿಸದೆ, ಒಂದೂವರೆ ವರ್ಷ ಚಿಕಿತ್ಸೆ, ಕೆಲಸ, ಪರೀಕ್ಷೆ ಎಂದು ಮೂಗುದಾರ ಹಿಡಿದು ನಡೆಸುವುದು. ಈಗ ಇಪ್ಪತ್ತೊಂಬತ್ತು ಜನ, ಆರು ಬಣ್ಣ. ಯಾವ ದಿನ ಯಾವ ಬಣ್ಣವೆಂದು ಆ ಡಬ್ಬಿಗೆ ಬಿಟ್ಟರೆ ದೇವರಿಗೂ ಗೊತ್ತಿಲ್ಲ.

ಈ ದಿನ ಎರಡು ಕಾಗದ ಬಂದವು. ಒಂದು, ರಾಜ್ಯ ಸರ್ಕಾರದ್ದು: ಮಾರ್ಚ್ 31ಕ್ಕೆ ನಮ್ಮ ಅನುದಾನ ಮುಗಿಯುತ್ತದೆ, ಮುಂದೆ ಕೌಂಟಿಯೇ ನೋಡಿಕೊಳ್ಳಲಿ, ತಮ್ಮ ಸೇವೆ ಶ್ಲಾಘನೀಯ. ಇನ್ನೊಂದು, ಪಕ್ಕದ ಕೌಂಟಿಯ ಹಲ್ಲಿನ ಆಸ್ಪತ್ರೆಯದು: ಕಚೇರಿ ವ್ಯವಸ್ಥಾಪಕಿಯ ಕೆಲಸ, ಒಂಬತ್ತರಿಂದ ಐದು, ಮಾರ್ಚ್ 28ರೊಳಗೆ ಒಪ್ಪಿಗೆ ತಿಳಿಸಿ. ಹಲ್ಲು ನೋವಿದ್ದವರು ಸುಳ್ಳು ಹೇಳುವುದಿಲ್ಲ. ಒಪ್ಪಿಕೊಳ್ಳುವುದೆಂದು ತೀರ್ಮಾನಿಸಿ ಆ ಕಾಗದವನ್ನೇ ಈ ಪುಸ್ತಕದ ಪುಟಗುರುತು ಮಾಡಿಕೊಂಡಿದ್ದೇನೆ.

ಫೆಬ್ರವರಿ 5, ಬುಧವಾರ

ಬುಧವಾರ ದರ್ಬಾರು. ಒಬ್ಬೊಬ್ಬರಾಗಿ ಎದ್ದು ನಿಂತು ಎಷ್ಟು ದಿನದಿಂದ ಶುದ್ಧವಾಗಿದ್ದೇನೆ ಎಂದು ಹೇಳಬೇಕು, ಇಡೀ ಕೋರ್ಟು ಚಪ್ಪಾಳೆ ತಟ್ಟಬೇಕು. ಪೀಠದಲ್ಲಿ ಥರ್ಮನ್ ಕ್ಲೆಂಪ್ ಸಾಹೇಬರು, ವಯಸ್ಸು ಎಪ್ಪತ್ತೊಂದು. ಒಳ್ಳೆಯ ವಾರ ಕಳೆದವರಿಗೆ ಬಹುಮಾನ ಕೊಡುವ ಪದ್ಧತಿಯಿದೆ. ಹೋದ ವರ್ಷ ಬಹುಮಾನದ ಹಣ ನಿಂತಿತು. ಅಂದಿನಿಂದ ಸಾಹೇಬರು ತಮ್ಮ ತೋಟದ ಬೀಟ್‌ರೂಟಿನ ಉಪ್ಪಿನಕಾಯಿ ಜಾಡಿಗಳನ್ನು ತಂದು ಹಂಚುತ್ತಾರೆ. ತಪ್ಪು ಮಾಡಿದವರಿಗೂ ಅದನ್ನೇ ಕೊಡುತ್ತಾರೆ. "ಇದು ಬಹುಮಾನನೋ ಶಿಕ್ಷೆನೋ ಸಾರ್?" ಎಂದು ಒಬ್ಬಳು ಕೇಳಿದಳು. "ತಿಂದ್ಮೇಲೆ ಗೊತ್ತಾಗತ್ತೆ ಕೂತ್ಕೋ" ಎಂದರು.

ಕಂದು ಬಣ್ಣದ ಹನ್ನೊಂದನೇ ನಂಬರಿನವನು ಇಪ್ಪತ್ತು ನಿಮಿಷ ತಡವಾಗಿ ಬಂದ. ಕಡತದ ಪ್ರಕಾರ ಡೆಲ್ಬರ್ಟ್ ಮಿಂಕ್ಸ್, ನಲವತ್ತೊಂದು ವರ್ಷ, ಚಾವಣಿ ರಿಪೇರಿ ಕೆಲಸ. ಬಿಟ್ಟುಹೋಗುವವಳಿಗೆ ಹೆಸರುಗಳೇಕೆ ಎಂದು ನಾನು ಎಲ್ಲರನ್ನೂ ಬಣ್ಣ, ನಂಬರಿನಿಂದಲೇ ನೆನೆಯಲು ಅಭ್ಯಾಸ ಮಾಡುತ್ತಿದ್ದೇನೆ.

"ಯಾಕಪ್ಪ ತಡ?" ಎಂದರು ಸಾಹೇಬರು.

"ಏಣಿ ಮೇಲಿದ್ದೆ ಸಾರ್. ಕೆಳಗೆ ನಾಯಿ ಇತ್ತು."

"ನಾಯಿ ಹೋಗೋ ತನಕ ಕಾದ್ಯಾ?"

"ಇಲ್ಲ ಸಾರ್. ಸ್ನೇಹ ಆಯ್ತು. ಅದಕ್ಕೇ ತಡ."

ಮುನ್ನೂರ ಹದಿನಾಲ್ಕು ದಿನ ಎಂದ. ಚಪ್ಪಾಳೆ ತಟ್ಟಿದೆವು. ಮೇ ತಿಂಗಳಿಗೆ ಇವನದು ಮುಗಿಯಬೇಕು. ಮುಗಿಸಿದರೆ ಕೇಸು ವಜಾ, ಮುಗಿಸದಿದ್ದರೆ ಇಪ್ಪತ್ತೆರಡು ತಿಂಗಳ ಸೆರೆ. ಏಪ್ರಿಲ್‌ನಲ್ಲಿ ನ್ಯಾಯಾಲಯವೇ ಮುಗಿದುಹೋದರೆ ಏನು ಗತಿ ಎಂಬುದನ್ನು ಯಾವ ಕಾಗದದಲ್ಲೂ ಯಾವ ಪುಣ್ಯಾತ್ಮನೂ ಬರೆದಿಲ್ಲ. ಸರ್ಕಾರಿ ವಕೀಲರನ್ನು ಕೇಳಿದೆ. "ಆಗ ಹಳೇ ಶಿಕ್ಷೆನೇ ನೋಡ್ಬೇಕಾಗತ್ತೆ" ಎಂದು ಚಾವಣಿ ನೋಡಿದರು.

ಫೆಬ್ರವರಿ 11, ಮಂಗಳವಾರ

ಕೌಂಟಿ ಮಂಡಳಿಯಲ್ಲಿ ಮೂರೇ ಜನ. ವಾಲ್ಟರ್ ಟಿಪ್ಟನ್ ಊಟದ ಹೊತ್ತಿಗೆ ಸಭೆ ಮುಗಿಯುವುದಾದರೆ ಯಾವುದಕ್ಕೂ ಸೈ. ಫೇ ಡಿಟ್ಮರ್ ಮೂವತ್ತು ವರ್ಷ ಶಾಲೆಯ ಅಡುಗೆಮನೆ ನಡೆಸಿ ನಿವೃತ್ತಳಾದವಳು; ಅವಳು ಯಾವ ಕಡೆ ಎಂಬುದು ಅವಳ ಬೆಕ್ಕಿಗೂ ತಿಳಿಯದು. ಮೂರನೆಯವನು ಲಾಯ್ಡ್ ಬ್ಯಾಂಗರ್ಟ್, ಟೈರ್ ಅಂಗಡಿ ಮತ್ತು ಕೆಟ್ಟ ಕಾರು ಎಳೆಯುವ ಲಾರಿಯ ಧಣಿ. ಮಿಲ್‌ಸ್ಟೋನ್ ಗುಡ್ಡದಲ್ಲಿ ಕಾರು ಜಾರಿ ಚರಂಡಿಗೆ ಇಳಿಯುವಷ್ಟರಲ್ಲಿ ಇವನ ಲಾರಿ ಸರಪಳಿ ಬಿಚ್ಚಿಕೊಂಡು ಕಾಯುತ್ತಿರುತ್ತದೆ. ಅದು ದೈವಬಲ ಎಂದು ಊರವರ ನಂಬಿಕೆ.

ಅಂಗಡಿಗೆ ಹೋಗಿ ನಮ್ಮ ಲೆಕ್ಕ ಮುಂದಿಟ್ಟೆ. ಒಬ್ಬನನ್ನು ಜೈಲಿನಲ್ಲಿ ಸಾಕುವ ಖರ್ಚಿನಲ್ಲಿ ನಾವು ಐದು ಜನರನ್ನು ಸಂಭಾಳಿಸುತ್ತೇವೆ.

"ಸರಿ ನೆಡ್ರಾ. ಆದ್ರೆ ಜೈಲು ಹೆಂಗೂ ಕಟ್ಟಾಗಿದೆ. ಖಾಲಿ ಬಿಟ್ರೆ ಜನ ಏನಂತಾರೆ?"

"ಆಸ್ಪತ್ರೆನೂ ಕಟ್ಟಾಗಿದೆ. ಖಾಲಿ ಇದ್ರೆ ಯಾರೂ ಅಳಲ್ಲ."

"ನೋಡು, ನಾನು ಟೈರ್ ಮಾರೋನು. ತೇಪೆ ಹಾಕಿದ ಟೈರು ಎಷ್ಟು ದಿನ ಓಡತ್ತೆ ಅಂತ ನಂಗೊತ್ತು."

ಅಂಗಡಿಯ ಒಳಗಡೆ ವೆಂಡೆಲ್ ಸ್ಪೈಸರ್ ಒಂದು ಚಕ್ರದ ನಟ್ಟು ಬಿಗಿಯುತ್ತಿದ್ದ. ಆರು ವರ್ಷದ ಹಿಂದೆ ನಮ್ಮಲ್ಲಿ ಮುಗಿಸಿದವನು. ಆ ವಿಷಯ ಧಣಿಗೆ ಗೊತ್ತಿಲ್ಲ. ನನ್ನನ್ನು ಕಂಡು ಗುರುತೇ ಇಲ್ಲದವನಂತೆ "ನಮಸ್ಕಾರ ಮೇಡಂ, ನಿಮ್ ಹಿಂದಿನ ಎಡಗಡೆ ಟೈರು ಸವೆದಿದೆ" ಎಂದ. ನಿಜವೇ ಆಗಿತ್ತು.

ಫೆಬ್ರವರಿ 20, ಗುರುವಾರ

ಮಂಡಳಿಗೆ ಕೊಡಬೇಕಾದ ಅರ್ಜಿ, ನಲವತ್ತಾರು ಪುಟ. ಪ್ರಶ್ನೆ 17: "ಕಾರ್ಯಕ್ರಮದಿಂದಾಗಿ ಸಂಭವಿಸದೇ ಉಳಿದ ಘಟನೆಗಳ ಪಟ್ಟಿಯನ್ನು ದಿನಾಂಕ ಸಹಿತ ನೀಡಿ." ಕದಿಯದೆ ಉಳಿದ ತಾಮ್ರದ ಕೊಳವೆ, ಸಾಯದೆ ಉಳಿದ ಮನುಷ್ಯ, ದಿನಾಂಕ ಸಹಿತ.

ಕಾಫಿ ಚೆಲ್ಲಿತು. ಹಲ್ಲಿನ ಆಸ್ಪತ್ರೆಯ ಕಾಗದವನ್ನು ಲೋಟದ ಅಡಿಗೆ ಇಟ್ಟೆ. ದಪ್ಪ ಕಾಗದ, ಒಳ್ಳೆಯ ಸಂಸ್ಥೆ ಇರಬೇಕು.

ಫೆಬ್ರವರಿ 26, ಬುಧವಾರ

ಭೂಮಿ ಬಾಯಿಬಿಡಲಿ ಎಂದು ಕಾದೆ. ಓಹಾಯೋದ ಭೂಮಿ, ಚಳಿಗೆ ಗಟ್ಟಿಯಾಗಿದೆ, ಬಿಡಲಿಲ್ಲ.

ಬೆಳಿಗ್ಗೆ ಬಣ್ಣ ಹೇಳಿದ ಮೇಲೆ ಧ್ವನಿಮುದ್ರಣ ನಿಲ್ಲಿಸುವ ಗುಂಡಿಯನ್ನು ಒತ್ತಲು ಮರೆತೆ. ಫೋನನ್ನು ಮೇಜಿನ ಮೇಲೆ ಇಟ್ಟು ಬೆಕ್ಕಿನೊಡನೆ ಮಾತಾಡುತ್ತ ಬ್ರೆಡ್ಡು ಸುಟ್ಟೆ. ನಾಲ್ಕು ನಿಮಿಷ. ಯಂತ್ರ ಅಷ್ಟನ್ನೂ ಶ್ರದ್ಧೆಯಿಂದ ನುಂಗಿ, ಕರೆ ಮಾಡಿದವರಿಗೆಲ್ಲ ಎಂಟರವರೆಗೆ ಬಡಿಸಿದೆ.

ಕೋರ್ಟಿಗೆ ಹೋದರೆ ಎಲ್ಲರ ಮುಖದಲ್ಲೂ ಏನೋ ಒಂದು ಕಾಂತಿ. ಸಾಹೇಬರು ಕನ್ನಡಕದ ಮೇಲಿಂದ ನೋಡಿ, "ನೆಡ್ರಾ, ನನ್ನ ಬೀಟ್‌ರೂಟು ನಿನ್ನ ಬೆಕ್ಕೂ ಮೂಸಲ್ವಂತೆ" ಎಂದರು.

ಕಂದು ಹನ್ನೊಂದು ಬಳಿ ಬಂದು ಸಮಾಧಾನ ಹೇಳಿದ. "ಬೇಜಾರು ಮಾಡ್ಕೋಬೇಡಿ ಮೇಡಂ. ನಾನು ಮೂರು ಸಲ ಕೇಳ್ದೆ. ಬ್ಯಾಂಗರ್ಟ್ ತಲೇಲಿರೋ ಗಾಳಿ ಅವ್ನ ಟೈರಲ್ಲಿ ಇದ್ದಿದ್ರೆ ಊರೇ ಉದ್ಧಾರ ಆಗ್ತಿತ್ತು ಅಂದ್ರಲ್ಲ, ಅದು ಬಹಳ ಚೆನ್ನಾಗಿತ್ತು."

"ನಿನ್ನ ಬಗ್ಗೆ ಏನಂದೆ?"

"ಏಣಿ ಕೊಟ್ರೆ ಸ್ವರ್ಗಕ್ಕೂ ತಡವಾಗಿ ಹೋಗ್ತಾನೆ ಅಂದ್ರಿ. ನಮ್ಮಮ್ಮನೂ ಹಂಗೇ ಅಂತಿದ್ಲು."

ಪುಣ್ಯಕ್ಕೆ ಯಾರ ಹೆಸರನ್ನೂ ಹೇಳಿರಲಿಲ್ಲ, ಬ್ಯಾಂಗರ್ಟನದನ್ನು ಬಿಟ್ಟು. ಆ ಒಂದು ದಿನ ಇನ್ನೂರ ಹದಿನಾಲ್ಕು ಕರೆ ಬಂದಿದ್ದವಂತೆ. ಫೋನ್ ಕಂಪನಿಯವರು ಕರೆಗಿಷ್ಟು ಎಂದು ಬಾಡಿಗೆ ಕೀಳುತ್ತಾರೆ.

ಮಾರ್ಚ್ 7, ಶುಕ್ರವಾರ

ಈಸ್ಟರಿಗೆ ಮುಂಚೆ ಮಾಂಸ ಬಿಡುವ ಲೆಂಟ್ ಉಪವಾಸದ ಮೊದಲ ಶುಕ್ರವಾರ. ಅಗ್ನಿಶಾಮಕ ಠಾಣೆಯಲ್ಲಿ ಮೀನಿನ ಊಟ. ಉಪವಾಸದ ಹೆಸರಿನಲ್ಲಿ ಮೂರು ತುಂಡು ಕರಿದ ಮೀನು, ಕೋಸಿನ ಪಚಡಿ, ಎರಡು ಬಗೆ ಆಲೂಗಡ್ಡೆ. ಸರದಿಯಲ್ಲಿ ನನ್ನ ಮುಂದೆ ಫೇ, ಹಿಂದೆ ಬ್ಯಾಂಗರ್ಟ್.

"ನೆಡ್ರಾ," ಎಂದ ಅವನು ತಟ್ಟೆ ನೋಡುತ್ತ, "ನನ್ನ ಟೈರಲ್ಲಿ ಗಾಳಿ ಸರಿಯಾಗೇ ಇದೆ."

ಯಾರೋ ಚಾಡಿ ಹೇಳಿದ್ದಾರೆ. ಕಿವಿ ಬಿಸಿಯಾಯಿತು. ಮೀನು ಬೇಡವೆನಿಸಿದರೂ ತಿಂದೆ.

"ಇನ್ನೊಂದು ವಿಷ್ಯ. ನಿನ್ನ ಬಣ್ಣದ ಫೋನಿನ ಬಿಲ್ಲು ತರಿಸಿ ನೋಡ್ದೆ. ಆ ಗಲಾಟೆ ದಿನ ಬಿಡು. ಮಾಮೂಲಿ ದಿನನೂ ತೊಂಬತ್ತು ಕರೆ. ನಿನ್ನ ಜನ ಇಪ್ಪತ್ತೊಂಬತ್ತು. ಒಂದೋ ಅವ್ರಿಗೆ ಕಿವಿ ಕೇಳ್ಸಲ್ಲ, ಇಲ್ಲಾ ನಿಂಗೆ ಎಣಿಸಕ್ಕೆ ಬರಲ್ಲ. ಇಪ್ಪತ್ತೇಳನೇ ತಾರೀಖು ಉತ್ತರ ಬೇಕು. ನಂಬರ್ ಪಟ್ಟಿ ಸಮೇತ."

ಫೇ ತಿರುಗಿ, "ಆಲೂಗಡ್ಡೆ ತಣ್ಣಗಾಗತ್ತೆ, ಮುಂದೆ ಹೋಗಿ" ಎಂದಳು. ಇದರಿಂದ ಅವಳು ಯಾವ ಕಡೆ ಎಂದು ತಿಳಿಯುವುದು ಹೇಗೆ?

ಮಾರ್ಚ್ 11, ಮಂಗಳವಾರ

ಫೋನ್ ಕಂಪನಿಯಿಂದ ಕರೆಗಳ ಪಟ್ಟಿ ಬಂತು. ನಮ್ಮವರ ನಂಬರುಗಳ ಮೇಲೆ ಗೀಟು ಹಾಕುತ್ತ ಹೋದೆ. ಮೊದಲ ಅನುಮಾನ ಕಂದು ಹನ್ನೊಂದರ ಮೇಲೆ. ದಿನಾ ಎರಡು ಕರೆ. ಕರೆಸಿ ಕೇಳಿದೆ.

"ಒಂದು ಸಲ ಕೇಳ್ತೀನಿ. ಆಮೇಲೆ ನೀವೇನಾದ್ರೂ ಮನಸ್ಸು ಬದಲಾಯಿಸಿದ್ರಾ ಅಂತ ಇನ್ನೊಂದ್ಸಲ."

"ನಾನು ಯಾವತ್ತಾದ್ರೂ ಬದಲಾಯಿಸಿದ್ದೀನಾ?"

"ಇಲ್ಲ. ಅದು ಗ್ಯಾರಂಟಿ ಮಾಡ್ಕೊಳಕ್ಕೇ."

ಇವರನ್ನೆಲ್ಲ ಕಳೆದರೂ ಐವತ್ತು ಚಿಲ್ಲರೆ ನಂಬರು ಉಳಿಯುತ್ತವೆ. ಗುರುತಿಲ್ಲದ ಒಂದಕ್ಕೆ ಫೋನ್ ಮಾಡಿದೆ. ತೆಗೆದವಳು ಓಪಲ್ ರೀಡಿ. ಎಂಟು ವರ್ಷದ ಹಿಂದೆ ನಮ್ಮಲ್ಲಿ ಮುಗಿಸಿ ಹೋದವಳು. ಈಗ ವೃದ್ಧಾಶ್ರಮದಲ್ಲಿ ದಾದಿ.

"ನೀನ್ಯಾಕಮ್ಮ ಫೋನ್ ಮಾಡ್ತೀಯ? ನಿಂದು ಮುಗಿದು ಎಷ್ಟು ಕಾಲ ಆಯ್ತು."

"ನಾನು ಹಸಿರಲ್ವಾ ಮೇಡಂ. ನೀವು ಹಸಿರು ಅಂದ್ರೆ ಇವತ್ತಿಗೂ ಎದೆ ಧಸಕ್ ಅನ್ನತ್ತೆ. ಆಮೇಲೆ ಪರೀಕ್ಷೆ ಕೊಟ್ರೂ ಪಾಸಾಗ್ತೀನಲ್ಲ ಅಂತ ನೆನಪಾಗತ್ತೆ. ಎದ್ದು ಮುಖ ತೊಳೀತೀನಿ." ಫೋನ್ ಇಡುವ ಮುಂಚೆ, "ನೀವು ಬಯ್ಕೊಂಡೇ ಹೇಳ್ತೀರಲ್ಲ, ಅದು ಒಳ್ಳೇದು. ನಯವಾಗಿ ಹೇಳಿದ್ರೆ ಮತ್ತೆ ಮಲಗಿಬಿಡ್ತಿದ್ದೆ" ಎಂದಳು.

ಇನ್ನೂ ಆರು ನಂಬರಿಗೆ ಫೋನ್ ಮಾಡಿದೆ. ಆರೂ ಹಳಬರು. ಪದವಿ ಪಡೆದು ಹೋದಮೇಲೂ ಬಂದು ಹಾಜರಿ ಹಾಕುವ ವಿದ್ಯಾರ್ಥಿಗಳನ್ನು ಯಾವ ಶಾಲೆಯಲ್ಲಿ ಕಂಡಿದ್ದೇವೆ? ಹುಚ್ಚರ ಸಂತೆ. ಯಾಕೋ ಕಣ್ಣು ಉರಿಯಿತು. ಹೀಟರಿನ ಧೂಳು.

ಕೊನೆಯಲ್ಲಿ ಒಂದು ನಂಬರು ಕಂಡು ಕೈ ನಿಂತಿತು. ದಿನಾ ಐದೂ ನಲವತ್ತಕ್ಕೆ, ಒಂದು ದಿನ ತಪ್ಪದೆ: ಬ್ಯಾಂಗರ್ಟ್ ಟೈರ್ ಅಂಗಡಿ. ವೆಂಡೆಲ್. ಅಂಗಡಿ ಬಾಗಿಲು ತೆಗೆಯುವವನು ಅವನೇ.

ಈ ಪಟ್ಟಿಯನ್ನು ಹೀಗೇ ಕೊಟ್ಟರೆ ನಾವು ಗೆದ್ದಂತೆ. ಎಂಟು ವರ್ಷವಾದರೂ ಹಳಬರು ಬೆಳಿಗ್ಗೆ ಎದ್ದು ಬಣ್ಣ ಕೇಳುತ್ತಾರೆ, ಲಾಯ್ಡ್, ನಿನ್ನ ಅಂಗಡಿಯಲ್ಲೇ ಒಬ್ಬನಿದ್ದಾನೆ, ನಿನ್ನ ತೇಪೆ ಹಾಕಿದ ಟೈರು ಆರು ವರ್ಷದಿಂದ ನಿನ್ನ ಟೈರಿಗೇ ತೇಪೆ ಹಾಕುತ್ತಿದೆ. ಕೊಟ್ಟರೆ ವೆಂಡೆಲ್‌ನ ಕೆಲಸ ಹೋಗುತ್ತದೆ. ಉಳಿದ ಐವತ್ತು ಜನರ ಗುಟ್ಟು ಕಾಫಿ ಅಂಗಡಿಗೆ ಹೋಗುತ್ತದೆ. ಇಷ್ಟು ಒಳ್ಳೆಯ ಸಾಕ್ಷ್ಯ, ಇಷ್ಟು ನಿಷ್ಪ್ರಯೋಜಕ.

ಮಾರ್ಚ್ 14, ಶುಕ್ರವಾರ

ಬಣ್ಣ ಕಂದು. ಎಂಟಾದರೂ ಡೆಲ್ಬರ್ಟ್‌ನ ಕರೆ ದಾಖಲಾಗಿಲ್ಲ. ಒಂಬತ್ತು, ಇಲ್ಲ. ಅವನ ಫೋನು ಸತ್ತಿದೆ. ಹತ್ತಕ್ಕೆ ಸರ್ಕಾರಿ ವಕೀಲರ ಗುಮಾಸ್ತ "ವಾರಂಟ್ ಬರೆಯೋಣ್ವಾ?" ಎಂದು ಕೇಳಿದ. ಹನ್ನೆರಡರವರೆಗೆ ಸಮಯವಿದೆ, ನಿಯಮ ಓದಿಕೊಳ್ಳಪ್ಪ ಎಂದೆ.

ಹೋದ ವಾರವಷ್ಟೇ ಅವನು ಕೇಳಿದ್ದ: "ಮೇಡಂ, ಮೂವತ್ತೊಂದಕ್ಕೆ ಅಂಗಡಿ ಮುಚ್ಚೋದಾದ್ರೆ ನಾನ್ಯಾಕೆ ಈ ಬಾಟ್ಲಿ ತುಂಬಿಸ್ತಿದ್ದೀನಿ?" ಮುಚ್ಚಳ ಬಿಗಿ ಮಾಡು ಎಂದಿದ್ದೆ.

ಕಾರು ಹತ್ತಿ ಹುಡುಕಿದೆ. ಬಾಡಿಗೆ ಕೋಣೆ, ಬೀಗ. ಹಾರ್ಡ್‌ವೇರ್ ಅಂಗಡಿ, ಇಲ್ಲ. ನದಿಯ ಪಕ್ಕದ ಹಳೆಯ ಜಾಗ, ಅವನು ಮೊದಲು ಮದ್ದು ಕೊಳ್ಳುತ್ತಿದ್ದಲ್ಲಿಯೂ ಇಣುಕಿದೆ. ಅಲ್ಲಿದ್ದವರು ನನ್ನ ಮುಖ ಕಂಡು ಓಡಿದರು. ಹನ್ನೊಂದೂಕಾಲಿಗೆ ಲೂಥರನ್ ಚರ್ಚಿನ ಮುಂದೆ ಹೋಗುವಾಗ ತಲೆ ಎತ್ತಿದೆ. ಚಾವಣಿಯ ತುದಿಯಲ್ಲಿ ಕವುಚಿ ಮಲಗಿ ಮಳೆನೀರಿನ ಕೊಳವೆಯೊಳಗೆ ಭುಜದವರೆಗೂ ಕೈ ಇಳಿಬಿಟ್ಟಿದ್ದಾನೆ.

"ಡೆಲ್ಬರ್ಟ್, ಏನ್ ಮಾಡ್ತಿದ್ದೀಯ?"

"ಫೋನು ಬಿತ್ತು ಮೇಡಂ. ಐದೂವರೆಗೆ ನಿಮ್ಗೇ ಫೋನ್ ಮಾಡ್ತಿದ್ದೆ, 'ಶುಭೋದಯ' ಅಂದ್ರಿ, ಜಾರಿ ಒಳಗೆ ಹೋಯ್ತು. ಬಣ್ಣ ಕೇಳಿಸ್ಲಿಲ್ಲ."

"ಕೆಳಗೆ ಇಳಿದು ಯಾರ ಫೋನಾದ್ರೂ ಕೇಳಕ್ಕಾಗ್ಲಿಲ್ವಾ?"

"ಏಣಿನೂ ಬಿತ್ತು."

ಆರು ಗಂಟೆ ಅಲ್ಲೇ ಇದ್ದಾನೆ. ಕೂಗಿದ್ದಾನೆ, ಆದರೆ ಶುಕ್ರವಾರ ಚರ್ಚಿನಲ್ಲಿ ಪಿಯಾನೋ ಅಭ್ಯಾಸ, ಯಾರಿಗೂ ಕೇಳಿಲ್ಲ. ಏಣಿ ಎತ್ತಿ ಒರಗಿಸಿ, ಇಳಿಸಿ, ಕಾರಿನಲ್ಲಿ ತುರುಕಿಕೊಂಡು ಹನ್ನೊಂದು ಐವತ್ತಾರಕ್ಕೆ ಪರೀಕ್ಷೆಗೆ ನಿಲ್ಲಿಸಿದೆ. ದಾರಿಯುದ್ದಕ್ಕೂ ಬಯ್ದೆ. ಅವನು ನಡುನಡುವೆ "ಹೌದು ಮೇಡಂ" ಎನ್ನುತ್ತಿದ್ದ. ಫಲಿತಾಂಶ ಶುದ್ಧ. ಕರೆ ತಪ್ಪಿಸಿದ್ದಕ್ಕೆ ಸಾಹೇಬರು ಎರಡು ಜಾಡಿ ವಿಧಿಸಿದರು.

ಮನೆಗೆ ಬಂದು ಸ್ಟೂಲಿನ ಮೇಲೆ ಕುಳಿತೆ. ಈ ವಯಸ್ಸಿನಲ್ಲಿ ಏಣಿ ಎತ್ತಬಾರದು.

ಮಾರ್ಚ್ 19, ಬುಧವಾರ

ಸಾಹೇಬರ ಕೋಣೆಯಲ್ಲಿ ಪಟ್ಟಿಯ ವಿಷಯ ಚರ್ಚೆ.

"ಹೆಸರು ಗೊತ್ತಾಗೋ ಯಾವ ನಂಬರೂ ಹೊರಗೆ ಹೋಗಂಗಿಲ್ಲ ನೆಡ್ರಾ. ಕಾನೂನು."

"ಗೊತ್ತು. ಹೋದ್ರೆ ಗೆಲ್ತೀವಿ ಅಂತನೂ ಗೊತ್ತು."

"ಹೋಗ್ದೇ ಇದ್ರೆ?"

"ಡೆಲ್ಬರ್ಟ್‌ಗೆ ಇಪ್ಪತ್ತೆರಡು ತಿಂಗಳು. ಉಳಿದವ್ರಿಗೆ ಅವರವ್ರ ಪಾಲಿಂದು."

ಸಾಹೇಬರು ತಮ್ಮ ಉಗುರು ನೋಡಿಕೊಂಡರು. ಅವುಗಳ ಸಂದಿಯಲ್ಲಿ ವರ್ಷವಿಡೀ ಬೀಟ್‌ರೂಟಿನ ಕೆಂಪು. "ಒಂದು ಕಪ್ಪು ಮಾರ್ಕರ್ ತಗೋ" ಎಂದರು.

ಮೂರು ಗಂಟೆ ಕಾಲ ಹದಿನಾಲ್ಕು ಪುಟಕ್ಕೆ ಮಸಿ ಬಳಿದೆ. ಟೈರ್ ಅಂಗಡಿಯ ಸಾಲಿಗೆ ಮೂರು ಲೇಪ. ಬಳಿಯುವ ಉತ್ಸಾಹದಲ್ಲಿ ಪುಟದ ತಲೆಯ ಮೇಲಿದ್ದ ನಮ್ಮದೇ ಬಣ್ಣದ ಫೋನಿನ ನಂಬರನ್ನೂ ಬಳಿದುಬಿಟ್ಟಿದ್ದೇನೆ. ಸಾಹೇಬರು ನೋಡಿ, "ಇದನ್ನ ಯಾರಿಂದ ಕಾಪಾಡ್ತಿದ್ದೀಯ?" ಎಂದರು.

ಅಡುಗೆಮನೆ ಮೇಜು ಬರೆಯುವಾಗ ಒಂದೇ ಸಮನೆ ಕುಂಟುತ್ತಿತ್ತು. ಕೈಗೆ ಸಿಕ್ಕಿದ ದಪ್ಪ ಕಾಗದವೊಂದನ್ನು ನಾಲ್ಕು ಮಡಿಕೆ ಮಾಡಿ ಕಾಲಿನಡಿ ಕೊಟ್ಟೆ. ನಿಂತಿತು. ಈ ಪುಸ್ತಕದ ಪುಟಗುರುತು ಎಲ್ಲಿ ಹೋಯಿತೋ, ಪುಟ ಹುಡುಕುವುದೇ ಒಂದು ಕೆಲಸ.

ಮಾರ್ಚ್ 27, ಗುರುವಾರ

ಪೂರ್ತಿ ಬರೆಯುತ್ತೇನೆ. ನಾಳೆ ನಾನೇ ನಂಬುವುದಿಲ್ಲ.

ಬೆಳಿಗ್ಗೆ ಗುಂಡಿ ನೇರಳೆ. ಸೇತುವೆಯ ಮೇಲೆ ತೆಳ್ಳನೆಯ ಮಂಜು, ಹೇಳಿದೆ. ಹತ್ತಕ್ಕೆ ಸಭೆ. ಮುಂದಿನ ಸಾಲಿನಲ್ಲಿ ಸಾಹೇಬರು. ಕೊನೆಯ ಸಾಲಿನಲ್ಲಿ ಡೆಲ್ಬರ್ಟ್, ಇಸ್ತ್ರಿ ಮಾಡಿದ ಅಂಗಿಯಲ್ಲಿ, ಹತ್ತು ನಿಮಿಷ ಮೊದಲೇ. ಅವನು ಸಮಯಕ್ಕೆ ಬಂದಿದ್ದಾನೆಂದರೆ ಬಹಳ ಹೆದರಿದ್ದಾನೆ ಎಂದು ಅರ್ಥ.

ಬ್ಯಾಂಗರ್ಟ್ ನನ್ನ ಹದಿನಾಲ್ಕು ಪುಟಗಳನ್ನು ಎತ್ತಿ ಹಿಡಿದ. "ಇದೇನಿದು? ಬಿಲ್ಲು ಕೇಳಿದ್ರೆ ಇದ್ದಲು ಕೊಟ್ಟಿದ್ದೀಯ."

"ಕರೆ ಮಾಡಿದವ್ರ ಗುರುತು ಕೊಡಕ್ಕಾಗಲ್ಲ."

"ದಿನಕ್ಕೆ ಅರವತ್ತು ಕರೆ ಹೆಚ್ಚಿಗೆ. ದೆವ್ವಗಳು ಮಾಡ್ತಾವಾ? ಜನ ಕಷ್ಟಪಟ್ಟು ಕಟ್ಟಿದ ತೆರಿಗೆ. ಏನು ಕೇಳಕ್ಕೆ ದುಡ್ಡು ಕೊಡ್ತಿದ್ದೀವಿ ಅಂತ ಎಲ್ರೂ ಕೇಳಲಿ." ಜೇಬಿನಿಂದ ಫೋನು ತೆಗೆದು, ಹೆಬ್ಬೆರಳಿನಿಂದ ಹತ್ತು ಅಂಕಿ ಟಕಟಕನೆ ಒತ್ತಿ, ಧ್ವನಿ ಜೋರು ಮಾಡಿ ಮೇಜಿನ ಮೇಲೆ ಇಟ್ಟ. ನನ್ನ ಸಿಡುಕಿನ ಧ್ವನಿ ಸಭೆಯನ್ನೆಲ್ಲ ತುಂಬಿತು: "ಶುಭೋದಯ. ಇಂದಿನ ಬಣ್ಣ ನೇರಳೆ. ನೇರಳೆಯವರು ಹನ್ನೆರಡರೊಳಗೆ. ಸೇತುವೆ ಮೇಲೆ ಮಂಜಿದೆ. ಹೆದ್ದಾರಿ ಸರಿಯಾಗಿದೆ. ನೆಪ ನಡೆಯುವುದಿಲ್ಲ."

"ಕೇಳಿದ್ರಲ್ಲ" ಎಂದ ಬ್ಯಾಂಗರ್ಟ್.

ಫೇ ಕನ್ನಡಕ ಹಾಕಿಕೊಂಡು ಮಸಿ ಬಳಿದ ಮೊದಲ ಪುಟವನ್ನು ತನ್ನ ಕಡೆ ಎಳೆದುಕೊಂಡಳು. ತಿರುಗಿಸಿ ಬೆಳಕಿಗೆ ಹಿಡಿದಳು. "ಲಾಯ್ಡ್, ಈ ನಂಬರ್ ನಿಂಗೆ ಎಲ್ಲಿ ಸಿಕ್ತು?"

"ಬಿಲ್ಲಲ್ಲಿ."

"ಬಿಲ್ಲಲ್ಲಿ ಮಸಿ ಇದೆ. ಅದೂ ಅಲ್ದೆ ನೀನು ಬಿಲ್ಲು ನೋಡ್ಲಿಲ್ಲ. ಫೋನೂ ನೋಡ್ಲಿಲ್ಲ. ನಿನ್ನ ಬೆರಳಿಗೇ ಗೊತ್ತಿತ್ತು."

ಸಭೆ ಎಷ್ಟು ನಿಶ್ಶಬ್ದವಾಯಿತೆಂದರೆ ಟಿಪ್ಟನ್ ಎಚ್ಚರಗೊಂಡರು. ಬ್ಯಾಂಗರ್ಟನ ಕುತ್ತಿಗೆಯಿಂದ ಕೆಂಪು ಮೇಲೇರತೊಡಗಿತು.

"ರಸ್ತೆ ವಿಷ್ಯ ಕೇಳಕ್ಕೆ" ಎಂದ, ಬಹಳ ಮೆಲ್ಲಗೆ. "ರಾಜ್ಯದ ರಸ್ತೆ ಫೋನಿಗೆ ಮಾಡಿದ್ರೆ ಒಂದು ಒತ್ತಿ, ಎರಡು ಒತ್ತಿ ಅಂತ ಐದು ನಿಮಿಷ ತಿನ್ನತ್ತೆ. ಇವ್ಳು ಸೀದಾ ಹೇಳ್ತಾಳೆ. ಲಾರಿ ಎಲ್ಲಿ ಕಳಿಸ್ಬೇಕು ಅಂತ ಗೊತ್ತಾಗತ್ತೆ."

"ಎಷ್ಟು ದಿನದಿಂದ?"

"ನಾಲ್ಕು ಚಳಿಗಾಲ."

"ಅಂದ್ರೆ ನಾಲ್ಕು ಚಳಿಗಾಲದಿಂದ ನಿನ್ನ ಲಾರಿ ಈ ಕಾರ್ಯಕ್ರಮದ ಉಪ್ಪು ತಿಂದ್ಕೊಂಡು ಓಡ್ತಿದೆ."

ಐದೂ ನಲವತ್ತು. ವೆಂಡೆಲ್ ಅಲ್ಲ. ನಾನು ಮೂರು ಲೇಪ ಮಸಿ ಬಳಿದು ಮಾನ ಕಾಪಾಡಿದ್ದು ಈ ಲಾಯ್ಡ್ ಬ್ಯಾಂಗರ್ಟನದು. ನನ್ನ ಬೆಕ್ಕಿನ ಜೊತೆಗಿನ ಮಾತನ್ನು ಅವನು ಸ್ವಂತ ಕಿವಿಯಿಂದಲೇ ಕೇಳಿದ್ದ.

ಇಷ್ಟಾದರೂ ಫೇ ನನ್ನನ್ನು ಬಿಡಲಿಲ್ಲ. "ಇವ್ನದು ಒಂದಾಯ್ತು. ಉಳಿದವ್ರು ಯಾರು ನೆಡ್ರಾ?"

"ಹೇಳಲ್ಲ."

"ಹೇಳಕ್ಕಾಗಲ್ವಾ, ಹೇಳಲ್ವಾ?"

"ಎರಡೂ."

"ಹೇಳ್ದೇ ಇದ್ರೆ ನನ್ನ ಮತ ಬೀಳಲ್ಲ ಅಂದ್ರೆ?"

ಹಿಂದೆ ತಿರುಗಿ ನೋಡಬಾರದಿತ್ತು, ನೋಡಿದೆ. ಡೆಲ್ಬರ್ಟ್ ತನ್ನ ಟೋಪಿಯನ್ನು ಮೊಣಕಾಲ ಮೇಲೆ ಇಟ್ಟು ಅದರ ಅಂಚನ್ನು ತಿರುಗಿಸುತ್ತಿದ್ದ. ನನ್ನನ್ನು ಕಂಡು ತಲೆಯನ್ನು ಒಂದೇ ಒಂದು ಸಲ ಅಡ್ಡಡ್ಡ ಅಲ್ಲಾಡಿಸಿದ. ಬೇಡ ಎಂದು.

"ಅಂದ್ರೂ ಹೇಳಲ್ಲ" ಎಂದೆ. ಕಣ್ಣು ಒರೆಸಿಕೊಂಡೆ. ಸಭೆಯ ಕೋಣೆಯ ಹೀಟರೂ ಧೂಳು ಕಾರುತ್ತದೆ.

ಫೇ ಕನ್ನಡಕ ತೆಗೆದು ಮಡಿಸಿದಳು. "ಮೂವತ್ತು ವರ್ಷ ಶಾಲೆಯಲ್ಲಿ ಊಟ ಬಡಿಸ್ದೆ. ಯಾವ ಮಗು ದುಡ್ಡು ಕೊಟ್ಟು ತಿಂತು, ಯಾವ ಮಗು ಬಿಟ್ಟಿ ತಿಂತು ಅಂತ ನನ್ನ ಗಂಡನಿಗೂ ಹೇಳಿಲ್ಲ. ಕೇಳಿದ ಮೇಷ್ಟ್ರುಗಳಿಗೆ ಸೌಟು ತೋರಿಸಿದ್ದೀನಿ. ಈಕೆ ಬಾಯಿ ಬಿಟ್ಟಿದ್ರೆ ಇಲ್ಲ ಅಂತ ಮತ ಹಾಕ್ತಿದ್ದೆ." ಬ್ಯಾಂಗರ್ಟನ ಕಡೆ ತಿರುಗಿದಳು. "ನೀನು ಈ ಸೇವೆಯ ಫಲಾನುಭವಿ ಲಾಯ್ಡ್. ಮತ ಹಾಕಂಗಿಲ್ಲ. ಸುಮ್ನೆ ಕೂತ್ಕೋ."

ಹನ್ನೊಂದು ಐವತ್ತಕ್ಕೆ ಎರಡು ಮತ ಪರ, ಒಂದು ಕುರ್ಚಿ ಸುಮ್ಮನೆ. ಡಿಸೆಂಬರ್‌ವರೆಗೆ ಹಣ. ಟಿಪ್ಟನ್ ಊಟಕ್ಕೆ ಎದ್ದರು. ಡೆಲ್ಬರ್ಟ್ ಒಬ್ಬನೇ ಹಿಂದಿನಿಂದ ಚಪ್ಪಾಳೆ ತಟ್ಟಿದ, ಕೋರ್ಟಿನ ಅಭ್ಯಾಸ. ಸಾಹೇಬರೂ ತಟ್ಟಿದರು. ಆಮೇಲೆ ಫೇಗೆ ಒಂದು ಜಾಡಿ ಕೊಟ್ಟರು. ಅವಳು ಏನು ತಪ್ಪು ಮಾಡಿದಳೆಂದು ತಿಳಿಯದೆ ನೋಡುತ್ತಿದ್ದಳು.

ಬರುವ ದಾರಿಯಲ್ಲಿ ಟೈರು ಬದಲಾಯಿಸಲು ನಿಲ್ಲಿಸಿದೆ. ಅಂಗಡಿಯಿಂದ ಬರುವ ಕರೆ ನಿನ್ನದೆಂದುಕೊಂಡಿದ್ದೆ ಎಂದು ವೆಂಡೆಲ್‌ಗೆ ಪಿಸುಗುಟ್ಟಿದೆ. ಅವನು ಬಗ್ಗಿ ಜ್ಯಾಕು ಏರಿಸುತ್ತ, ಯಾರಿಗೂ ಕೇಳದಂತೆ, "ನಾನು ಧಣಿ ಫೋನಿಂದ ಯಾಕೆ ಮಾಡ್ಲಿ ಮೇಡಂ, ನನ್ನ ಹತ್ರ ಫೋನ್ ಇಲ್ವಾ. ದಿನಾ ಐದೂ ಹತ್ತಕ್ಕೆ, ಹಾಸಿಗೆಯಿಂದಲೇ" ಎಂದ.

ಮಾರ್ಚ್ 28, ಶುಕ್ರವಾರ

ಡಿಸೆಂಬರ್‌ನಲ್ಲಿ ಮತ್ತೆ ಇದೇ ಭಿಕ್ಷಾಪಾತ್ರೆ, ಇದೇ ನಲವತ್ತಾರು ಪುಟ. ಪ್ರಶ್ನೆ 17ಕ್ಕೆ ಈಗಿನಿಂದಲೇ ಪಟ್ಟಿ ಮಾಡತೊಡಗಬೇಕು. ಡೆಲ್ಬರ್ಟ್‌ಗೆ ಮೇ ಹದಿನಾಲ್ಕಕ್ಕೆ ಸಮಾರೋಪ. ಹನ್ನೆರಡನೇ ತಾರೀಖು ಎಂದು ಸುಳ್ಳು ಹೇಳಿದರೆ ಸಮಯಕ್ಕೆ ಬರುತ್ತಾನೆ. ಓಪಲ್‌ಳನ್ನೂ ಕರೆಯಬೇಕು.

ಇಂದು ಯಾವುದಕ್ಕೋ ಕೊನೆಯ ದಿನ ಇತ್ತೆಂದು ಬೆಳಗಿನಿಂದ ತಲೆ ಕೆರೆಯುತ್ತಿದ್ದೇನೆ. ಹೊಳೆಯುತ್ತಿಲ್ಲ. ಮುಖ್ಯವಾದದ್ದಾಗಿದ್ದರೆ ಅವರೇ ಫೋನ್ ಮಾಡುತ್ತಾರೆ. ಮೇಜು ಮಾತ್ರ ಈಗ ಬಂಡೆಯ ಹಾಗೆ ನಿಂತಿದೆ.

ಐದಕ್ಕೆ ಡಬ್ಬಿಗೆ ಕೈ ಹಾಕಿದೆ. ಹೇಳಿದ್ದು ಇಷ್ಟು:

"ಶುಭೋದಯ. ಇಂದಿನ ಬಣ್ಣ ಕಂದು. ಕಂದಿನವರು ಹನ್ನೆರಡರೊಳಗೆ ಬರತಕ್ಕದ್ದು. ಏಣಿಯನ್ನು ಮೊದಲು ಕಟ್ಟಿಕೊಳ್ಳತಕ್ಕದ್ದು. ಹಸಿರಿನವರು ಎದ್ದು ಮುಖ ತೊಳೆಯಿರಿ. ಟೈರ್ ಅಂಗಡಿಯವರಿಗೆ: ಮಿಲ್‌ಸ್ಟೋನ್ ಗುಡ್ಡದಲ್ಲಿ ಮಂಜಿಲ್ಲ, ಯಾರೂ ಜಾರುವುದಿಲ್ಲ, ಹೋಗಿ ಮಲಗಿ."

ನಿಲ್ಲಿಸುವ ಗುಂಡಿ ಒತ್ತಿದೆ. ಒತ್ತಿದ್ದೇನೆಯೇ ಎಂದು ಎರಡು ಸಲ ನೋಡಿದೆ.